ಕಾಡುಬಳ್ಳಿ ಕಥೆ 6: ಕಾಗೆಮಾರಿ ಕಾಯಿ, ಲಂಡನ್ ಬಿಯರು

ಫೋಟೋ ನೋಡಿ ಕಾಡುದ್ರಾಕ್ಷಿ ಅಂದ್ಕೊಂಡ್ರಾ? ಬಾಯಿಗೆ ಮಾತ್ರ ಹಾಕ್ಬೇಡಿ. ಇದು ಕಾಗೆಮಾರಿ, ಕೆಲವರ ಬಾಯಲ್ಲಿ ಕಾಕಮಾರಿ. ಅಮೃತಬಳ್ಳಿಯ ಕುಟುಂಬದ್ದೇ, ಎಲೆಯೂ ಹಾಗೇ ಹೃದಯದಾಕಾರ. ಅನಾಮಿರ್ಟ ಅನ್ನೋ ಇದರ ಕುಲದಲ್ಲಿ ಇರೋದು ಇದೊಂದೇ ಜಾತಿ.

ಪಶ್ಚಿಮಘಟ್ಟದಲ್ಲಿ ಇದರ ಬೀಜ ಅರೆದು ಹಳ್ಳದ ನೀರಿಗೆ ಹಾಕ್ತಿದ್ರು. ಮೀನು ಅಮಲೇರಿ ಮೇಲಕ್ಕೆ ತೇಲುತ್ತಿತ್ತು, ಕೈಯಲ್ಲೇ ಹಿಡಿಯಬಹುದಿತ್ತು. ಒಣಗಿದ ಕಾಯಿ ಇಲ್ಲಿನ ಕರಾವಳಿಯಿಂದ ಹಡಗು ಹತ್ತಿ, ಪೂರ್ವ ಮೆಡಿಟರೇನಿಯನ್ ಬಂದರುಗಳ ದಾರಿಯಾಗಿ ಯುರೋಪಿಗೆ ಹೋಗ್ತಿತ್ತು. ಅಲ್ಲಿನವರು ಬೆಳೆದ ಊರಿನ ಹೆಸರು ಬಿಟ್ಟು, ಬಂದ ದಾರಿಯ ಹೆಸರಿಟ್ಟು 'ಲೆವಾಂಟ್ ಕಾಯಿ' ಅಂದರು. ಅಲ್ಲೂ ಮೊದಲು ಮೀನಿಗೆ, ತಲೆಯ ಹೇನಿಗೆ ಬಳಸಿದ್ರು.

ಆಮೇಲೆ ಬಿಯರಿಗೆ ಬಂತು ನೋಡಿ! ನೆಪೋಲಿಯನ್ ಯುದ್ಧದ ಕಾಲ. ಇಂಗ್ಲೆಂಡಿನಲ್ಲಿ ಬಾರ್ಲಿ ಮಾಲ್ಟಿನ ಮೇಲೆ ಭಾರೀ ತೆರಿಗೆ. ಕೆಲವು ಬಿಯರ್ ತಯಾರಕರು ಮಾಲ್ಟ್ ಕಡಿಮೆ ಮಾಡಿ ಈ ಕಾಯಿಯ ಕಷಾಯ ಬೆರೆಸಿದರು. ಕಹಿಯೂ ಆಯ್ತು, ತಲೆ ಗಿರ್ ಅಂತ ತಿರುಗೋದೂ ಆಯ್ತು. ಕುಡಿದವರು ಯಾರು? ಹೆಚ್ಚಾಗಿ 'ಪೋರ್ಟರ್' ಬಿಯರು ಕುಡಿಯೋ ಹಮಾಲರು, ಕೂಲಿಗಳು. 'ಒಳ್ಳೇ ಸ್ಟ್ರಾಂಗು' ಅಂತ ಅವರು ದುಡ್ಡು ಕೊಟ್ಟು ಕುಡಿದದ್ದು ನಮ್ಮ ಹಳ್ಳದ ಮೀನಿಗೆ ಹಾಕ್ತಿದ್ದ ಅದೇ ವಿಷ. 1812ರಲ್ಲಿ ಫ್ರಾನ್ಸಿನ ಬುಲೇ ಅದನ್ನು ಬೀಜದಿಂದ ಬೇರ್ಪಡಿಸಿದ. ಹೆಸರು ಪಿಕ್ರೊಟಾಕ್ಸಿನ್. ಜಾಸ್ತಿಯಾದರೆ ಸೆಳವು ಬಂದು ಸಾವು.

1816ರ ಕಾನೂನಿನಲ್ಲಿ ಬೆರೆಸಿದ ಬಿಯರ್ ತಯಾರಕನಿಗೆ 200 ಪೌಂಡ್ ದಂಡ, ಅವನಿಗೆ ಮಾರಿದ ಔಷಧ ವ್ಯಾಪಾರಿಗೆ 500. ಮಾರಿದವನಿಗೇ ಹೆಚ್ಚು, ಸರಿಯಾಗೇ ಇದೆ ಅನ್ಸುತ್ತೆ. ಆದರೂ ದಂಧೆ ನಿಲ್ಲಲಿಲ್ಲ. ಲಂಡನ್ನಿನಲ್ಲಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ಅಕ್ಕುಂ 1820ರಲ್ಲಿ ಕಲಬೆರಕೆ ಬಗ್ಗೆ ಪುಸ್ತಕ ಬರೆದ. ಹತ್ತು ವರ್ಷದಲ್ಲಿ ಕಾಯಿಯ ಬೆಲೆ ಪೌಂಡು ತೂಕಕ್ಕೆ 2 ಶಿಲಿಂಗಿನಿಂದ 7ಕ್ಕೆ ಏರಿದೆ ಅಂದ. ಚರ್ಮ ಹದ ಮಾಡೋರಿಗೆ, ಬಣ್ಣ ಹಾಕೋರಿಗೆ ಅನ್ನೋ ನೆಪದಲ್ಲಿ ಇದರ ಕಪ್ಪು ಸಾರ ಮಾರ್ತಾರೆ ಅಂದ. ಸಿಕ್ಕಿಬಿದ್ದವರ ಹೆಸರನ್ನೂ ಅಚ್ಚು ಹಾಕಿಸಿದ! ಅದೇ ವರ್ಷದ ಕೊನೆಗೆ ಲೈಬ್ರರಿ ಪುಸ್ತಕದ ಹಾಳೆ ಹರಿದ ಆರೋಪ ಬಂತು, ಮರುವರ್ಷ ಜರ್ಮನಿಗೆ ಹೊರಟುಹೋದ.

ನಮ್ಮಲ್ಲಿ ನೀರಿಗೆ ವಿಷ ಹಾಕಿ ಮೀನು ಹಿಡಿಯೋದು ಅಪರಾಧ ಅಂದದ್ದು 1897ರ ಮೀನುಗಾರಿಕೆ ಕಾಯ್ದೆ. ಹಾಗೆ ಹಿಡಿದ ಹಳ್ಳದಲ್ಲಿ ಮರಿ ಮೀನೂ ಉಳಿಯಲ್ಲ.

ಇನ್ನೊಂದು ಮಾತು, ಹಳ್ಳಿಮದ್ದು ಮಾಡೋರು ಗಮನಿಸಿ. ಕಾಕಮಾಚಿ ಬೇರೆ, ಅದು ನಾವು ಸಾರು ಮಾಡೋ ಗಣಿಕೆ ಸೊಪ್ಪು. ಕಾಕಮಾರಿ ಇದು. ಒಂದೇ ಅಕ್ಷರದ ವ್ಯತ್ಯಾಸ. ಗ್ರಂದಿಗೆ ಅಂಗಡಿಗೆ ಚೀಟಿ ಬರೆಯೋವಾಗ ಬಿಡಿಸಿ ಬರೀರಿ.

#ಕಾಡುಬಳ್ಳಿಕಥೆ #ಕಾಗೆಮಾರಿ