ಒಳಗಣ ಅರಳೆ

ಉಡುಪನ್ನು ಕಂಡವರು ಹೊರಗಣ ಬಟ್ಟೆಯನ್ನು ಹೊಗಳುವರು. ಅದರ ಆಕಾರವನ್ನು ಹಿಡಿದು ನಿಲ್ಲಿಸುವ ಒಳಪದರವನ್ನು ಬಲ್ಲವನು ದರ್ಜಿ. ಕಣ್ಣಿಗೆ ಬೀಳದ ಇಂತಹ ಪದರವೊಂದು ಇಂಗ್ಲಿಷ್ ಭಾಷೆಯಲ್ಲಿ ಶಾಶ್ವತವಾದ ಅಪಕೀರ್ತಿಯನ್ನು ಪಡೆದ ವೃತ್ತಾಂತವು ಸಾಹಿತ್ಯಪ್ರಿಯರು ತಿಳಿಯತಕ್ಕದ್ದಾಗಿದೆ.

ಕ್ರಿ. ಶ. 16ನೆಯ ಶತಮಾನದ ಯೂರೋಪಿನಲ್ಲಿ ಗಂಡಸರು ‘ಡಬ್ಲೆಟ್’ ಎಂಬ ಬಿಗಿಯಾದ ಅಂಗಿಯನ್ನು ತೊಡುತ್ತಿದ್ದರು. ಸಿರಿವಂತರ ಅಂಗಿಗೆ ಹೊರಗೆ ರೇಷ್ಮೆ ಅಥವಾ ಮಖಮಲ್ಲು, ಒಳಗೆ ಅಸ್ತರು. ಇವೆರಡರ ನಡುವೆ ಅಗಸೆನಾರಿನ ಗಟ್ಟಿ ಬಟ್ಟೆ ಮತ್ತು ಅರಳೆ, ಉಣ್ಣೆ, ಕುದುರೆಗೂದಲು ಮೊದಲಾದವುಗಳ ತುಂಬು. ಈ ತುಂಬಿಗೆ ಆಂಗ್ಲೇಯರು ‘ಬಾಂಬಾಸ್ಟ್’ ಎಂದರು. ಹತ್ತಿ ಎಂಬರ್ಥದ ಹಳೆಯ ಫ್ರೆಂಚ್ ಪದವೇ ಇದರ ಮೂಲ. ಬಟ್ಟೆ ಸುಕ್ಕುಗಟ್ಟದೆ ನೆಟ್ಟಗೆ ನಿಲ್ಲಲೆಂದು ಸೇರಿಸಿದ ವಸ್ತುವೇ ಕ್ರಮೇಣ ಮೆರೆಯುವ ಸಾಧನವಾಯಿತು. ಆ ಶತಮಾನದ ಕೊನೆಯ ದಶಕಗಳಲ್ಲಿ ಬಟಾಣಿಕಾಯಿಯಂತೆ ಹೊಟ್ಟೆಯ ಭಾಗವು ಉಬ್ಬಿ ಕೆಳಗೆ ಬಾಗಿದ ಅಂಗಿಯೇ ಚೆಲುವೆನಿಸಿತು. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬಾತನು, ಒಂದೊಂದು ಅಂಗಿಯಲ್ಲಿ 4ರಿಂದ 6 ಪೌಂಡು ತುಂಬಿರುವುದೆಂದೂ, ತೊಟ್ಟವರು ಬಗ್ಗಲಾರರೆಂದೂ ಖಂಡಿಸಿದನು. ಆತನು ಕಟ್ಟುನಿಟ್ಟಿನ ಮತನಿಷ್ಠನಾದುದರಿಂದ ಲೆಕ್ಕದಲ್ಲಿ ಅತಿಶಯೋಕ್ತಿ ಇದ್ದೀತು. ಗುರಿ ಮಾತ್ರ ತಪ್ಪಿಲ್ಲ.

ಆರೇ ವರ್ಷಗಳ ತರುವಾಯ, 1589ರಲ್ಲಿ, ಥಾಮಸ್ ನ್ಯಾಷ್ ಎಂಬ ಲೇಖಕನು ಪ್ರಾಸವಿಲ್ಲದ ಪದ್ಯವನ್ನು ಬರಿಯ ಶಬ್ದಗಳಿಂದ ಉಬ್ಬಿಸುವವರನ್ನು ಹಳಿಯಲು ಇದೇ ಪದವನ್ನು ಪ್ರಯೋಗಿಸಿದನು. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿಯ ನಾಟಕದಲ್ಲಿ ರಾಜಕುಮಾರನು, ಮೈಯೂ ಮಾತೂ ದಪ್ಪವಾದ ಫಾಲ್‌ಸ್ಟಾಫನನ್ನು ಸಂಬೋಧಿಸುವಾಗಲೂ ಇದೇ ಪದ ಬರುತ್ತದೆ. ಉಬ್ಬಿದ ಅಂಗಿಗಳು ಮರೆಯಾದುವು. ಪದವು ಅರ್ಥವಿಲ್ಲದ ದೊಡ್ಡ ಮಾತಿಗೆ ಹೆಸರಾಗಿ ಉಳಿಯಿತು.

ನಮ್ಮ ‘ಆಡಂಬರ’ ಶಬ್ದದ ಚರಿತ್ರೆಯೂ ಇದಕ್ಕೆ ಹತ್ತಿರವಾದುದು. ವೈದಿಕ ವಾಙ್ಮಯದಲ್ಲಿ ಅದು ಒಂದು ಬಗೆಯ ಭೇರಿ. ಅಮರಕೋಶದಲ್ಲಿ ವಾದ್ಯಘೋಷ, ಆನೆಯ ಘೀಂಕಾರ. ಅವರು ಒಳಗೆ ತುರುಕಿದ ಅರಳೆಯಿಂದಲೂ ನಾವು ಒಳಗೆ ಬರಿದಾದ ಭೇರಿಯಿಂದಲೂ ಒಂದೇ ದೋಷಕ್ಕೆ ಹೆಸರಿಟ್ಟೆವು.

ಹಾಗೆಂದು ಅರಳೆಯನ್ನು ದೂಷಿಸುವುದು ನ್ಯಾಯವಲ್ಲ. ಇಂದಿಗೂ ಒಳ್ಳೆಯ ಕೋಟಿನ ಎದೆಯಲ್ಲಿ ಕ್ಯಾನ್ವಾಸು ಅಡಗಿರುತ್ತದೆ; ಅದು ಮೈಗೆ ಒದಗುತ್ತದೆಯೇ ಹೊರತು ಮೈಯನ್ನು ಮರೆಸುವುದಿಲ್ಲ. ಸಂಸ್ಕೃತವನ್ನು ಓದಿದ ನಮ್ಮಂಥವರು ಕನ್ನಡದಲ್ಲಿ ಸಮಾಸಗಳನ್ನು ಹೆಣೆಯುವಾಗಲೂ ಇದೇ ಅಳತೆ ಸಲ್ಲುತ್ತದೆ. ಅರ್ಥವನ್ನು ನಿಲ್ಲಿಸುವ ಪದವು ಒಳಪದರ. ಅರ್ಥವನ್ನು ಬಗ್ಗಗೊಡದ ಪದವು ಬರಿಯ ತುಂಬು.