ಎಂಟು ಗುಂಟೆಯ ನಷ್ಟ ಯಾರ ಲೆಕ್ಕಕ್ಕೆ?

ಬೆಳಗಾವಿಯಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಯ ಎರೆ ಹೊಲಗಳಲ್ಲಿ ಹತ್ತಿ. ದಕ್ಷಿಣಕ್ಕೆ ಖಾನಾಪುರದ ಗದ್ದೆಗಳಲ್ಲಿ ಭತ್ತ. ಬೆಳೆ ಬೇರೆ, ಅಪಾಯ ಒಂದೇ: ಮೊದಲು ಸಾಯುತ್ತಿದ್ದ ಹುಳ ಈಗ ಅದೇ ವಿಷಕ್ಕೆ ಸಾಯಲ್ಲ. ಇದೇ ಕೀಟ ನಿರೋಧಕತೆ.

ವಿಷಕ್ಕೆ ಹುಳ ಬಗ್ಗುವ ಗುಣ ಊರ ಕೆರೆಯ ನೀರಿದ್ದಂತೆ. ಒಬ್ಬ ಬೇಕಾಬಿಟ್ಟಿ ಬಳಸಿದರೆ ಎಲ್ಲರಿಗೂ ಖಾಲಿ. ಕೆರೆಗಾದ್ರೆ ನೀರುಗಂಟಿ ಇರ್ತಾನೆ, ಇದಕ್ಕೆ ಯಾರೂ ಇಲ್ಲ.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಕೊಟ್ಟಾಗ ಒಂದು ಷರತ್ತಿತ್ತು: 20% ಜಾಗ ಅಥವಾ ಸುತ್ತಲೂ ಐದು ಸಾಲು, ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿ ಅಲ್ಲದ ಹತ್ತಿ ಹಾಕಬೇಕು. ಅಲ್ಲಿ ಬದುಕುವ ಸಾಧಾರಣ ಪತಂಗಗಳು ವಿಷ ಜೀರ್ಣಿಸಿಕೊಂಡವುಗಳ ಜೊತೆ ಕೂಡಿದರೆ ನಿರೋಧಕ ಸಂತತಿ ನಿಧಾನವಾಗುತ್ತದೆ. ಎಕರೆಗೆ 20% ಅಂದ್ರೆ ಎಂಟು ಗುಂಟೆ. ನಷ್ಟ ಒಬ್ಬನಿಗೆ, ಲಾಭ ಇಡೀ ಊರಿಗೆ. ಪ್ಯಾಕೆಟ್ ಜೊತೆ ಬರುತ್ತಿದ್ದ 120 ಗ್ರಾಂ ಬೀಜವನ್ನು ಬಹಳ ಮಂದಿ ಬಿತ್ತಲೇ ಇಲ್ಲ. ಅದನ್ನು ರೈತರ ಅಜ್ಞಾನ ಅನ್ನೋದು ಸುಲಭ. ನನಗದು ಸರಿಯಾದ ಲೆಕ್ಕಾಚಾರವಾಗಿಯೇ ಕಾಣುತ್ತದೆ.

ಕಡಲೆ, ತೊಗರಿ ಇದ್ದಲ್ಲಿ ಅಮೆರಿಕನ್ ಕಾಯಿಕೊರಕಕ್ಕೆ ತಾನಾಗಿಯೇ ಆಶ್ರಯ ಸಿಗುತ್ತದೆ. ಗುಲಾಬಿ ಕಾಯಿಕೊರಕ ಹೆಚ್ಚುಕಮ್ಮಿ ಹತ್ತಿಯನ್ನೇ ನಂಬಿದ ಹುಳ, ಅದಕ್ಕೆ ಆ ಸೌಕರ್ಯವಿಲ್ಲ. ಗುಜರಾತಿನಲ್ಲಿ ಅದು ಮೊದಲ ತಲೆಮಾರಿನ ಬಿಟಿಯನ್ನು ಗೆದ್ದಿದೆ ಎಂದು 2010ರಲ್ಲಿ ಮಾನ್ಸಾಂಟೋ ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಬಾಲ್‌ಗಾರ್ಡ್-2 ಕೂಡ ಸೋತಿತು.

ಕೇಂದ್ರ ಸರ್ಕಾರ ಕೈಹಾಕಿದ್ದು ಬೆಲೆಗೆ. 2015ರ ಆದೇಶದಿಂದ ಬಿಟಿ ಬೀಜಕ್ಕೆ ಗರಿಷ್ಠ ದರ ಬಂತು. 2020ರಲ್ಲಿ ತಂತ್ರಜ್ಞಾನ ಶುಲ್ಕ ಸೊನ್ನೆಯಾಯಿತು. ಬೀಜ ಅಗ್ಗವಾಯಿತು ಸರಿ, ಹುಳದ ಹಣೆಬರಹ ಬದಲಾಗಲಿಲ್ಲ. ಅದಕ್ಕಿಂತ ಜಾಣ ಉಪಾಯ 475 ಗ್ರಾಂ ಪ್ಯಾಕೆಟ್: ಬಿಟಿ ಅಲ್ಲದ 5ರಿಂದ 10% ಬೀಜ ಒಳಗೇ ಬೆರೆತಿರುತ್ತದೆ, ಬಿತ್ತದೆ ತಪ್ಪಿಸಿಕೊಳ್ಳುವಂತಿಲ್ಲ. ಚೀನಾದ ಯಾಂಗ್‌ಟ್ಸಿ ಕಣಿವೆಯಲ್ಲಿ ಹೀಗೇ ಬೆರಕೆಯಾದ ಬೀಜದಿಂದ ನಿರೋಧಕತೆ ಇಳಿದದ್ದು 2017ರಲ್ಲಿ ವರದಿಯಾಗಿದೆ.

ಉಳಿದದ್ದು ಕೊನೆ ಬಿಡಿಸುವಿಕೆಗೆಂದು ಹೊಲದಲ್ಲೇ ನಿಲ್ಲುವ ಹತ್ತಿ. ಹುಳ ಮುಂದಿನ ಹಂಗಾಮಿಗೆ ದಾಟೋದು ಅಲ್ಲಿಂದಲೇ. ಒಬ್ಬ ಕಿತ್ತರೆ ಏನೂ ಆಗಲ್ಲ, ಊರೇ ಕೀಳಬೇಕು. ಫಸಲ್ ಬಿಮಾದಲ್ಲಿ ನಷ್ಟವನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಅಳೆಯುತ್ತಾರೆ. ಹತ್ತಿಗೆ ರೈತನ ಕಂತು ಗರಿಷ್ಠ 5%. ಸಕಾಲಕ್ಕೆ ಹೊಲ ಖಾಲಿ ಮಾಡಿದ ಪಂಚಾಯಿತಿಗೆ ಈ ಕಂತನ್ನು ಇಳಿಸಬಹುದಲ್ಲ?

ಖಾನಾಪುರದ ಭತ್ತಕ್ಕೆ ಆಶ್ರಯ ಬೆಳೆಯ ನಿಯಮವೇ ಇಲ್ಲ. ಕಂದು ಜಿಗಿಹುಳ ಇಮಿಡಾಕ್ಲೋಪ್ರಿಡ್‌ಗೆ ಬಗ್ಗದಿರುವುದು ಏಷ್ಯಾದ ಹಲವೆಡೆ ದಾಖಲಾಗಿದೆ. ಇಲ್ಲಿರುವ ಸಾಧನ ತೆರಿಗೆ: 2025ರ ಸೆಪ್ಟೆಂಬರ್‌ನಿಂದ 12 ಜೈವಿಕ ಕೀಟನಾಶಕಗಳಿಗೆ ಜಿಎಸ್‌ಟಿ 5%, ರಾಸಾಯನಿಕಕ್ಕೆ 18%. ಆದರೆ ಉದ್ರಿ ಕೊಡುವ ಅಂಗಡಿಯವನೇ ಸಲಹೆಗಾರನೂ ಆಗಿರುವಾಗ ಈ ವ್ಯತ್ಯಾಸ ರೈತನವರೆಗೆ ತಲುಪೋದು ಅನುಮಾನ.

ಚಳಿಗಾಲದ ಅಧಿವೇಶನಕ್ಕೆ ಶಾಸಕರು ಸುವರ್ಣ ವಿಧಾನಸೌಧಕ್ಕೆ ಬರುವ ಹೊತ್ತಿಗೆ ಹತ್ತಿ ಇನ್ನೂ ಹೊಲದಲ್ಲಿರುತ್ತದೆ. ಮುಂಗಾರಿನ ವಿಮೆ ಅಧಿಸೂಚನೆಗೂ ಮುಂಚೆ ಈ ರಿಯಾಯಿತಿ ಕೇಳೋಕೆ ಅದೇ ಸಮಯ.