ಕವಿ ಹೇಳಿಕೊಂಡದ್ದು, ಹೇಳದೆ ಬಿಟ್ಟದ್ದು

ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಚಿಕ್ಕಬಾಣಾವರದ ಬಾಡಿಗೆ ಕೋಣೆಗೆ ಮರಳಿ ಕಥೆ ಬರೆಯುವ ತರುಣನೂ ಇಂದು ತನ್ನದೇ ಜಾಲತಾಣವೊಂದನ್ನು ತೆರೆಯಬಲ್ಲ. ಹೆಚ್ಚಿನ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ‘ಲೇಖಕರ ಪರಿಚಯ’ ಎಂಬ ಪುಟಕ್ಕೆ ಬಂದೊಡನೆ ಕೈ ತಡೆಯುತ್ತದೆ. ಹುಟ್ಟಿದೂರು ಹಾಕಬೇಕೆ? ವಯಸ್ಸು? ಭಾವಚಿತ್ರ? ಬಂದ ಬಹುಮಾನಗಳನ್ನೆಲ್ಲ ಹೇಳಿಕೊಂಡರೆ ಜಂಬವಾದೀತೆ? ಕನ್ನಡದ ಕವಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆಯೇ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ.

ಪಂಪನಿಗೆ ಸಂಕೋಚವಿರಲಿಲ್ಲ. ತಾನು ಹುಟ್ಟಿದ್ದು ದುಂದುಭಿ ಸಂವತ್ಸರದಲ್ಲಿ, ಅಂದರೆ ಕ್ರಿ.ಶ. 902ರಲ್ಲಿ ಎಂದು ತಿಳಿಸಿದ್ದಾನೆ. ವೆಂಗಿನಾಡಿನ ಮನೆತನ, ತಾತ ಮುತ್ತಾತಂದಿರ ಹೆಸರು, ಬ್ರಾಹ್ಮಣನಾಗಿದ್ದ ತಂದೆ ಜೈನಧರ್ಮ ಹಿಡಿದದ್ದು, ದೊರೆ ಅರಿಕೇಸರಿ ಧರ್ಮಪುರವೆಂಬ ಅಗ್ರಹಾರ ಕೊಟ್ಟದ್ದು ಎಲ್ಲವೂ ಅವನ ಕಾವ್ಯಗಳಲ್ಲಿವೆ. ಭಾವಚಿತ್ರವೂ ಇದೆಯೆನ್ನಬೇಕು: ಬಾಳೆಯ ತಿರುಳಿನ ಮೈಬಣ್ಣ, ಮೃದುವಾದ ಗುಂಗುರು ಕೂದಲು, ಹದವಾದ ಮೈಕಟ್ಟು, ಚೆಲುವಾದ ಉಡುಪು. ‘ಆದಿಪುರಾಣ’ವನ್ನು ಮೂರು ತಿಂಗಳಲ್ಲಿ, ಭಾರತವನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಹೇಳಿಕೊಳ್ಳುವುದನ್ನೂ ಬಿಟ್ಟಿಲ್ಲ.

ಇಷ್ಟೆಲ್ಲ ಹೇಳಿದವನು ತಾಯಿಯ ಹೆಸರನ್ನು ಹೇಳಲಿಲ್ಲ. ತಮ್ಮನೊಬ್ಬನಿದ್ದನೆಂಬುದನ್ನೂ ಹೇಳಲಿಲ್ಲ. ಅವೆರಡೂ ನಮಗೆ ತಿಳಿದದ್ದು ಆ ತಮ್ಮ ಜಿನವಲ್ಲಭನಿಂದ. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟ ಎಂಬ ಬೆಟ್ಟವಿದೆ. ಅಲ್ಲಿನ ಬಂಡೆಯ ಮೇಲೆ ಅವನು ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಕೆತ್ತಿಸಿದ. ತಾಯಿ ಅಬ್ಬಣಬ್ಬೆ, ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬ ಸಂಗತಿ ಹೊರಬಿದ್ದುದು ಅಲ್ಲಿಂದಲೇ. ವೆಂಗಿಯ ಮನೆತನದ ಕವಿಗೆ ಕನ್ನಡ ನಾಡಿನ ತಿರುಳಿನೊಡನೆ ಇದ್ದ ನಂಟು ಯಾವುದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು, ಹೀಗೆ, ಅವನು ಬರೆಯದ ಸಾಲಿನಿಂದ.

ರನ್ನ ಈ ವಿಷಯದಲ್ಲಿ ಉದಾರಿ. ಮುಧೋಳದಲ್ಲಿ ಹುಟ್ಟಿದ್ದು, ಬಳೆಗಾರರ ಕುಲ, ತಾಯಿ ಅಬ್ಬಲಬ್ಬೆ, ಹೆಂಡಂದಿರು ಜಕ್ಕಿ ಮತ್ತು ಶಾಂತಿ, ಮಗ ರಾಯ, ಮಗಳು ಅತ್ತಿಮಬ್ಬೆ! ಮಗಳಿಗಿಟ್ಟದ್ದು 993ರಲ್ಲಿ ‘ಅಜಿತಪುರಾಣ’ ಬರೆಯಿಸಿದ ದಾನಚಿಂತಾಮಣಿಯ ಹೆಸರು. ಕುಲಕಸುಬನ್ನು ಮರೆಮಾಚದೆ ಹೇಳಿದ ಈ ಕವಿ ‘ಕವಿಚಕ್ರವರ್ತಿ’ ಎಂಬ ಬಿರುದನ್ನೂ ಅಷ್ಟೇ ಸಲೀಸಾಗಿ ಹೇಳಿಕೊಂಡ. ಇಂದಿನ ಓದುಗನಿಗೆ ಬಿರುದಿಗಿಂತ ಬಳೆಯ ಮಾತೇ ಹೆಚ್ಚು ಬೆಲೆಯುಳ್ಳದ್ದೆನಿಸಿದರೆ ಆಶ್ಚರ್ಯವಿಲ್ಲ.

ಗದುಗಿನ ಕುಮಾರವ್ಯಾಸನದು ಇನ್ನೊಂದು ದಾರಿ. ಹಲಗೆ ಬಳಪ ಹಿಡಿಯುವುದಿಲ್ಲ, ಬರೆದ ಪದವನ್ನು ಅಳಿಸುವುದಿಲ್ಲ ಎಂದು ತನ್ನ ಬರವಣಿಗೆಯ ಪರಿಯನ್ನು ಹೇಳಿದ. ಯಾವ ವರ್ಷ ಬರೆದೆನೆಂದು ಹೇಳಲಿಲ್ಲ. ಊರೂರಲ್ಲಿ ಗಮಕಿಗಳು ಹಾಡಿದ ಕಾವ್ಯದ ಕಾಲವನ್ನು ವಿದ್ವಾಂಸರು ವಾದ ಮಾಡಿ ಗೊತ್ತುಪಡಿಸಬೇಕಾಯಿತು. ಸುಮಾರು 1430 ಎಂಬುದು ಈಗ ಹೆಚ್ಚಿನವರು ಒಪ್ಪುವ ಲೆಕ್ಕ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಿತು. ಕವಿಗಳು ತಮ್ಮ ಬಗ್ಗೆ ಆಡಿದ ಇಂಥ ತುಂಡು ಮಾತುಗಳನ್ನು ಓಲೆಗರಿಗಳಿಂದ ಹೆಕ್ಕಿ ಕೂಡಿಸಿದ ಬೆವರು ಅದರ ಪುಟಪುಟದಲ್ಲಿದೆ.

ಹೆಸರನ್ನೇ ಬಚ್ಚಿಟ್ಟವನು ಮುದ್ದಣ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ ತನ್ನ ಕೃತಿಗಳನ್ನು ಹಳೆಯ ಕವಿಯದೆಂಬಂತೆ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿಸಿದ. ಒಂದಕ್ಕೆ ‘ಮಹಾಲಕ್ಷ್ಮಿ’ ಎಂಬ ಹೆಸರಿಟ್ಟ. ಹೊಸಬನ ಕಾವ್ಯವನ್ನು ಯಾರು ಓದುತ್ತಾರೆಂಬ ಅಳುಕಿರಬಹುದು. 1901ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಕೃತಿಗೆ ಬಂದ ಮೆಚ್ಚುಗೆ ಅವನ ಹೆಸರಿಗೆ ಸಲ್ಲಲು ಇನ್ನೂ ಕಾಲ ಹಿಡಿಯಿತು.

ಜಾಲತಾಣದ ಪುಟಕ್ಕೆ ಇನ್ನೊಂದು ತೊಡಕೂ ಇದೆ. 1996ರಲ್ಲಿ ಯು.ಬಿ. ಪವನಜರ ‘ವಿಶ್ವಕನ್ನಡ’ ಕನ್ನಡವನ್ನು ಅಂತರಜಾಲಕ್ಕೆ ತಂದಿತು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಬ್ಬೊಬ್ಬರು ಒಂದೊಂದು ಫಾಂಟಿನಲ್ಲಿ ಬರೆಯುತ್ತಿದ್ದರು. ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಪುಟ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪುಕ್ಕಟೆ ಜಾಗ ಕೊಡುತ್ತಿದ್ದ ‘ಜಿಯೋಸಿಟೀಸ್’ 2009ರಲ್ಲಿ ಬಾಗಿಲು ಹಾಕಿತು. ಅದರಲ್ಲಿದ್ದ ಲಕ್ಷಾಂತರ ಪುಟಗಳಲ್ಲಿ ಯಾರಾದರೂ ನಕಲು ಇಟ್ಟುಕೊಂಡವಷ್ಟೇ ಉಳಿದವು.